ಪೂಜೆಗೆ ತೊಳೆದ ಜನರೇಟರ್

ಹೋದ ವಾರ ನಾನು ಹಾಕಿದ ಫೋಟೋ ನೋಡಿ ಬಹಳ ಜನಕ್ಕೆ ಸಿಟ್ಟು ಬಂದಿದೆ. ಸುರಿಯುವ ಮಳೆ, ಸಪೋಟ ತೋಪು, ಮರದ ಹಲಗೆಗಳ ಮೇಲೆ ಒಂದು ಜನರೇಟರ್. ತಲೆಯ ಮೇಲೆ ಒಂದು ತಗಡು, ಮೂರು ಕಡೆ ಖಾಲಿ, ಒಂದು ಕಡೆ ದೂರದಲ್ಲಿ ಯಾರದೋ ಮುಖವಿರುವ ಫ್ಲೆಕ್ಸ್. "ಟೆಂಟ್ ಒಳಗಿಡೋಕೆ ಏನ್ ದಾಡಿ" ಅಂತ ಒಬ್ಬರು. "ಸುತ್ತ ಪ್ಲಾಸ್ಟಿಕ್ ಹೊದಿಸೋಕೂ ಜಿಪುಣತನಾನಾ" ಅಂತ ಇನ್ನೊಬ್ಬರು. ಮೂಗಿಗೆ ಆಕ್ಸಿಜನ್ ಪೈಪ್ ಹಾಕಿಕೊಂಡ ವಯಸ್ಸಾದವರನ್ನು ಮಳೆಯಲ್ಲಿ ಕ್ಯಾಂಪಿಗೆ ಕರೆದುಕೊಂಡು ಹೋದವಳನ್ನು ಒಳಗೆ ಹಾಕಬೇಕು ಅಂತ ಮತ್ತೊಬ್ಬ ಮಹಾನುಭಾವರು.

ಹಾಕಿ. ಅದಕ್ಕೂ ಮುಂಚೆ ಆ ದಿನ ಏನಾಯಿತು ಅಂತ ಓದಿ. ಅವತ್ತು ಮಾಡಿದ್ದನ್ನೇ ನಾಳೆ ಬೇಕಾದರೂ ಮಾಡುತ್ತೇನೆ.

ಹಲಸೂರಿನ ಒಂದು ಗಲ್ಲಿಯಲ್ಲಿ ನನ್ನ ಗೋದಾಮಿದೆ. ಟೆಂಟು, ದೀಪ, ಜನರೇಟರು ಬಾಡಿಗೆಗೆ ಕೊಡುತ್ತೇನೆ. ಕೇಳಿದರೆ ಜೊತೆಗೇ ಹೋಗಿ ಕ್ಯಾಂಪ್ ಹಾಕಿಸುತ್ತೇನೆ. ದಸರಾ ರಜೆಗೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಬಾಗಿಲ ಮುಂದೆ ಕಾರು ನಿಂತಿತು. ಓಡಿಸುತ್ತಿದ್ದ ಹೆಂಗಸು ಇಳಿದು ಹಿಂದಿನ ಬಾಗಿಲು ತೆಗೆದರು. ಒಳಗಿಂದ ಎಪ್ಪತ್ತು ದಾಟಿದ, ಬೆನ್ನು ಒಂದಿಷ್ಟೂ ಬಾಗದ ಇನ್ನೊಬ್ಬ ಹೆಂಗಸು ಇಳಿದರು. ಹೆಗಲಿಗೆ ಚಿಕ್ಕ ಸಿಲಿಂಡರಿನ ಚೀಲ, ಮೂಗಿಗೆ ಪೈಪು. ಕನ್ನಡಕ ಸರಿ ಮಾಡಿಕೊಳ್ಳುವ ಹಾಗೆ ಪೈಪನ್ನು ಸರಿ ಮಾಡಿಕೊಂಡು, ನನ್ನನ್ನು ಮಾತಾಡಿಸದೆ ಸೀದಾ ಟೆಂಟುಗಳ ರಾಶಿಯ ಹತ್ತಿರ ಹೋದರು. ಒಂದು ಗೂಟ ಎತ್ತಿ ನೋಡಿದರು.

"ತುಕ್ಕು ಹಿಡ್ದಿದೆ ಇದು."

"ಅದು ಗುಜರಿಗೆ ಹಾಕೋಕೆ ಇಟ್ಟಿರೋದು, ಅಮ್ಮ."

"ಅಮ್ಮ ನಕ್ಕೋ, ಬೇಡ. ಮಿಸ್ ಅನ್ನು."

ಪುಲಿಕೇಶಿನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರಾಗಿ ನಿವೃತ್ತರಾದವರು. ಕೆಲಸದಲ್ಲಿದ್ದಷ್ಟೂ ವರ್ಷ ಹುಡುಗಿಯರನ್ನು ಕಟ್ಟಿಕೊಂಡು ಕ್ಯಾಂಪಿಗೆ ಹೋಗುತ್ತಿದ್ದರಂತೆ. ಈಗ ಐವತ್ತರ ಆಸುಪಾಸಿನಲ್ಲಿರುವ ಆ ಹುಡುಗಿಯರು ಸೇರಿ, ಮಿಸ್ ಜೊತೆ ಇನ್ನೊಂದು ಸಲ ಒಂದು ರಾತ್ರಿ ಟೆಂಟಿನಲ್ಲಿ ಇರಬೇಕು ಅಂತ ತೀರ್ಮಾನ ಮಾಡಿದ್ದರು. ಕಾರು ಓಡಿಸಿಕೊಂಡು ಬಂದಿದ್ದ ಮಗಳಿಗೆ ಇದು ಸುತಾರಾಂ ಇಷ್ಟವಿರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಮಾತೂ ಹಾಗೇ, ಒಂದೊಂದಾಗಿ ಎಣಿಸಿ ಇಡುತ್ತಿದ್ದರು.

"ನೋಡಿ, ಅಮ್ಮಿ ಶ್ವಾಸಕೋಶ ಹಾಳಾಗಿದೆ. ಮಲಗಿದಾಗ ಮಿಷನ್ ಬೇಕೇ ಬೇಕು, ಗಾಳಿಯಿಂದ ಆಕ್ಸಿಜನ್ ಎಳೆದು ಕೊಡೋ ಮಿಷನ್. ಅದು ಕರೆಂಟಲ್ಲಿ ನಡೆಯೋದು. ಕರೆಂಟ್ ಇಲ್ಲ ಅಂದ್ರೆ ಈ ಸಿಲಿಂಡರ್ರು, ಅದು ಸ್ವಲ್ಪ ಹೊತ್ತಿಗೆ. ಡಾಕ್ಟ್ರು ಈ ಸಲ ಹೋಗಿ ಅಂದಿದಾರೆ. ಬರೋ ವರ್ಷ ನನ್ನನ್ನ ಕೇಳ್ಬೇಡಿ ಅಂತಾನೂ ಅಂದಿದಾರೆ."

"ಅದಕ್ಕೇ ಈ ವರ್ಷ ಹೋಗ್ತಾ ಇರೋದು" ಅಂದರು ಮಿಸ್. "ಬರೋ ವರ್ಷ ಹೋಗೋಕೆ ನಂಗೇನು ಹುಚ್ಚಾ?"

ಒಪ್ಪಂದವಾಯಿತು. ಒಂದೇ ರಾತ್ರಿ. ಕರೆಂಟಿಗೆ ತೊಂದರೆಯಾದರೆ ಯಾವ ವಾದವೂ ಇಲ್ಲದೆ ಮಿಸ್ ಕಾರು ಹತ್ತಬೇಕು. ಮಿಸ್ ಮಗಳ ಕೈ ಕುಲುಕಿದರು. ಆಮೇಲೆ ನನ್ನ ಕೈ ಹಿಡಿದು, ಬಿಡದೆ, "ತೊಂದ್ರೆ ಆಗದಂಗೆ ನೋಡ್ಕೊಳ್ಳೋದು ನಿನ್ ಕೆಲ್ಸ, ಹುಡ್ಗಿ" ಅಂದರು. ನನಗೂ ಕೂದಲು ಬೆಳ್ಳಗಾಗಿದೆ. ಹುಡುಗಿ ಅಂತ ಕರೆಸಿಕೊಂಡು ಎಷ್ಟೋ ಕಾಲವಾಗಿತ್ತು.

ಜಾಗ ಕೆ.ಆರ್. ಪುರ ದಾಟಿ ಒಳಗೆ, ಒಂದು ಕೆರೆಯ ಅಂಚು. ಒಂದು ಕಡೆ ಅಪಾರ್ಟ್‌ಮೆಂಟಿನ ಗೋಡೆ, ಇನ್ನೊಂದು ಕಡೆ ಸಪೋಟ ತೋಪು. ತೋಪಿನ ಯಜಮಾನರು ಅದೇ ಊರಿನ ಗೌಡರು. ಸುತ್ತಲಿನ ಹೊಲವೆಲ್ಲ ಲೇಔಟ್ ಆಗಿದೆ, ಇದೊಂದನ್ನು ಮಾರಿಲ್ಲ, ನಮ್ಮಂಥವರಿಗೆ ಕ್ಯಾಂಪಿಗೆ ಕೊಡುತ್ತಾರೆ. ಅಲ್ಲಿ ಕರೆಂಟಿಲ್ಲ. ಬೋರ್‌ವೆಲ್ ಒಣಗಿದ ಮೇಲೆ ಪಂಪ್‌ಸೆಟ್ಟಿನ ಲೈನ್ ಕೂಡ ಹೋಯಿತು. ಹಾಗಾಗಿ ನನ್ನ ಜನರೇಟರೇ ಗತಿ. ಪೆಟ್ರೋಲಿನದು, ಹಗ್ಗ ಎಳೆದು ಚಾಲೂ ಮಾಡುವಂಥದ್ದು, ಇಬ್ಬರು ಹಿಡಿದರೆ ಏಳುತ್ತದೆ. ಹಬ್ಬದ ವಾರ ಬೇರೆ, ಮಿಕ್ಕವೆಲ್ಲ ಪೆಂಡಾಲುಗಳಿಗೆ ಹೋಗಿದ್ದವು. ಇದೊಂದನ್ನು ಶಿವಾಜಿನಗರದ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ, ಆಯಿಲ್, ಪ್ಲಗ್ಗು, ಫಿಲ್ಟರು ಎಲ್ಲ ಹೊಸದು ಹಾಕಿಸಿದೆ.

ಮಳೆ ಬರುತ್ತದೆ ಅಂತ ಗೊತ್ತಿತ್ತು. ದಸರಾ ಹೊತ್ತಿನಲ್ಲಿ ಬೆಂಗಳೂರಿನ ಸಂಜೆ ಮಳೆ ಗೊತ್ತಿಲ್ಲದವಳೇನಲ್ಲ ನಾನು. ಎಲ್ಲ ಮೊದಲೇ ಯೋಚಿಸಿದ್ದೆ. ಜನರೇಟರ್ ನೆಲದ ಮೇಲೆ ಕೂರಬಾರದು, ನೀರು ಹರಿದು ಬರುತ್ತದೆ, ಆದ್ದರಿಂದ ಕೆಳಗೆ ಹಲಗೆ. ಮೇಲೆ ಇಳಿಜಾರಾಗಿ ತಗಡು, ಕೈ ಎತ್ತಿದರೆ ಸಿಗುವಷ್ಟು ಎತ್ತರಕ್ಕೆ. ಟಾರ್ಪಾಲ್ ಬೇಡ, ಅದು ನೀರು ತುಂಬಿಕೊಂಡು ಹೊಟ್ಟೆ ಬಿಡುತ್ತದೆ. ಟೆಂಟಿನಿಂದ ಇಪ್ಪತ್ತೈದು ಹೆಜ್ಜೆ ದೂರ, ಗಾಳಿ ಬೀಸಿ ಹೋಗುವ ಕಡೆ. ಹೊಗೆ ಕೊಳವೆಯ ಬಾಯಿ ಕೆರೆಯ ಕಡೆ. ವೈರು ಮರದಿಂದ ಮರಕ್ಕೆ ಎತ್ತಿ ಕಟ್ಟಿ, ಜನರೇಟರಿಗೆ ಸೇರುವ ಮುಂಚೆ ಒಂದು ಸಲ ಕೆಳಗೆ ಬಾಗಿಸಿ ಬಿಡಬೇಕು, ವೈರಿನ ಮೇಲೆ ಇಳಿದು ಬರುವ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಕ್ಯಾಂಪಿನ ದಿನ ಬೆಳಿಗ್ಗೆ ಸಾಮಾನನ್ನೆಲ್ಲ ನನ್ನ ವ್ಯಾನಿನಲ್ಲಿ ಒಯ್ದೆ. ಜನರೇಟರನ್ನು ಹನಿ ನೀರು ತಾಕದ ಹಾಗೆ ಸುತ್ತಿ ತಂದಿದ್ದೆ. ತೋಪಿನ ಮೂಲೆಯ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಇಳಿಸಿ ಗೌಡರಿಗೆ ಹೇಳಿದೆ.

"ಗೌಡ್ರೇ, ಇದನ್ನ ಸ್ವಲ್ಪ ಚೆನ್ನಾಗಿ ನೋಡ್ಕೊಳಿ. ಇದರ ಮೇಲೇನೇ ಒಬ್ರ ಉಸಿರು ನಿಂತಿರೋದು."

"ನೀನೇನೂ ಯೋಚ್ನೆ ಮಾಡ್ಬೇಡ ಕಣಮ್ಮ. ನಮ್ಮನೇದು ಅಂತ ನೋಡ್ಕೋತೀನಿ."

ಟೆಂಟು, ತಗಡು ಕಟ್ಟಿ ಮುಗಿಸಿ, ಮಿಸ್ ಅವರ ಮಿಷನ್ ತರಲು ಪುಲಿಕೇಶಿನಗರಕ್ಕೆ ವಾಪಸ್ ಹೋದೆ.

ಅವತ್ತು ಆಯುಧ ಪೂಜೆ. ದಾರಿಯುದ್ದಕ್ಕೂ ಬಾಳೆಕಂದು ಕಟ್ಟಿದ ಆಟೋಗಳು, ಒಡೆದ ಬೂದುಗುಂಬಳ ನೋಡುತ್ತಲೇ ಹೋದೆ, ನೋಡುತ್ತಲೇ ಬಂದೆ. ಆದರೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬುದ್ಧನ ಪಟದ ಮುಂದೆ ಒಂದು ಮೇಣದಬತ್ತಿ ಹಚ್ಚುವುದು ಬಿಟ್ಟರೆ ಬೇರೆ ಪೂಜೆಯಿಲ್ಲ. ಹಬ್ಬದ ದಿನ ನನ್ನ ಮಿಷನ್ನಿನ ಗತಿ ಏನಾಗಬಹುದು ಅಂತ ಯೋಚಿಸುವ ಅಭ್ಯಾಸವೇ ನನಗಿಲ್ಲ.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ನನ್ನ ವ್ಯಾನು, ಮಗಳ ಕಾರು, ಶಿಷ್ಯೆಯರ ಎರಡು ಕ್ಯಾಬು ಒಟ್ಟಿಗೆ ತೋಪಿಗೆ ಬಂದವು. ಶೆಡ್ಡಿಗೆ ಹೋದೆ. ಉಳುವುದಕ್ಕೆ ಹೊಲವಿಲ್ಲದ ಟ್ರ್ಯಾಕ್ಟರು ಚೆಂಡುಹೂವಿನಲ್ಲಿ ಮುಳುಗಿತ್ತು. ಅದರ ಪಕ್ಕ ನನ್ನ ಜನರೇಟರು, ವಿಭೂತಿ, ಕುಂಕುಮ, ಎಕ್ಕದ ಹಾರ, ಮುಂದೆ ನಿಂಬೆಹಣ್ಣು. ಕೊಂಡ ದಿನವೂ ಅಷ್ಟು ಹೊಳೆಯುತ್ತಿರಲಿಲ್ಲ. ಕೆಳಗೆ ನೀರಿನ ಮಡು.

"ಗೌಡ್ರೇ, ಇದನ್ನ ತೊಳೆದ್ರಾ?"

"ತೊಳೀದೆ ಪೂಜೆ ಮಾಡ್ತಾರಾ? ಎಷ್ಟು ಜಿಡ್ಡು ಹಿಡ್ದಿತ್ತು ಗೊತ್ತಾ. ಟ್ರ್ಯಾಕ್ಟ್ರಿಗೆ ಅಂತ ಟ್ಯಾಂಕರ್ ನೀರು ತರ್ಸಿದ್ದೆ. ಸೋಪ್ ಹಾಕಿ, ಪೈಪ್ ಹಿಡ್ದು, ಒಳಗೆಲ್ಲ ಬಿಟ್ಟು ತೊಳ್ದೆ."

"ಒಳಗೆಲ್ಲ?"

"ಕೊಳೆ ಇರೋದೇ ಒಳಗೆ ಅಲ್ವಾ."

ಬೈಯಬೇಕು ಅಂತಲೇ ಬಾಯಿ ತೆರೆದೆ. ಅವರ ಮುಖ ನೋಡಿದರೆ, ಮಗುವಿಗೆ ಎಣ್ಣೆಸ್ನಾನ ಮಾಡಿಸಿ ತೊಟ್ಟಿಲಿಗೆ ಹಾಕಿದವರ ಹಾಗೆ ನಿಂತಿದ್ದರು. ಬಾಯಿ ಮುಚ್ಚಿಕೊಂಡೆ. ಹಲಸೂರಿನಿಂದ ಇಲ್ಲಿಯವರೆಗೆ ಮಳೆಯಿಂದ ಕಾಪಾಡಿ ತಂದ ಮಿಷನ್ನು ಬಿಸಿಲಿನಲ್ಲಿ ನೆನೆದು ಕೂತಿತ್ತು. ಆ ಬಿಸಿಲೂ ಅಷ್ಟೊತ್ತಿಗೆ ಹೋಯಿತು. ಕೆರೆಯ ಆಚೆ ಮೋಡ ಕಪ್ಪಗಾಗಿ ಒಮ್ಮೆ ಗುಡುಗಿತು. ಗುಡುಗಿದ್ದೇ ಊರಿನ ಕರೆಂಟೂ ಹೋಯಿತು. ಗೌಡರ ಮನೆಯಲ್ಲಾದರೂ ಮಿಸ್‌ರನ್ನು ಸ್ವಲ್ಪ ಹೊತ್ತು ಕೂರಿಸೋಣ ಅಂದರೆ ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿದೆಯಂತೆ.

ಮಗಳು ನನ್ನ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಒಂದ್ಸಲ ಹಗ್ಗ ಎಳೆದು ನೋಡಿ. ಸ್ಟಾರ್ಟ್ ಆದ್ರೂ ಆಗ್ಬಹುದು."

"ಆಗ್ಬಹುದು ಮೇಡಂ. ಅದೇ ಭಯ."

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಜಿನ್ನಿಗೆ ನೀರು ಅಷ್ಟು ದೊಡ್ಡ ವಿಷಯವಲ್ಲ, ಕೆಮ್ಮಿಕೊಂಡು ಓಡುತ್ತದೆ. ಆದರೆ ಕರೆಂಟು ಹುಟ್ಟುವುದು ಹಿಂಬದಿಯ ತಾಮ್ರದ ಸುತ್ತುಗಳಲ್ಲಿ. ಅಲ್ಲಿ ನೀರಿದ್ದಾಗ ಓಡಿಸಿದರೆ ಸುತ್ತು ಸುಟ್ಟುಹೋಗಬಹುದು, ಮೈಗೆ ಕರೆಂಟ್ ಹೊಡೆಯಬಹುದು, ಹೇಗೆಂದರೆ ಹಾಗೆ ಏರಿಳಿಯುವ ಕರೆಂಟು ಹೋಗಿ ಮಿಸ್ ಮಿಷನ್ನನ್ನೂ ಕೊಲ್ಲಬಹುದು. ಎಳೆಯಲ್ಲ ಅಂದೆ.

"ಹಾಗಾದ್ರೆ ಮುಗೀತು. ಕರೆಂಟಿಗೆ ತೊಂದರೆ ಆದ್ರೆ ವಾಪಸ್ ಅಂತ ಮಾತು" ಅಂದರು ಮಗಳು. ತಾಯಿಯ ಕಡೆ ತಿರುಗಿದರು. ಮಿಸ್ ಆಗಲೇ ಟೆಂಟಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಒಬ್ಬ ಶಿಷ್ಯೆ ಕಟ್ಟಿದ ಗಂಟನ್ನು ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು.

"ಅಮ್ಮಿ, ಹೊರಡೋಣ."

"ಕರೆಂಟಿಗೆ ತೊಂದ್ರೆ ಎಲ್ಲಾಗಿದೆ? ಕರೆಂಟ್ ಇನ್ನೂ ಶುರುನೇ ಆಗಿಲ್ಲ."

"ಹಠ ಮಾಡ್ಬೇಡ."

"ಮೂವತ್ತು ವರ್ಷ ಹಠ ಮಾಡಿಯೇ ಸಂಬಳ ತಗೊಂಡಿದ್ದು. ಏಯ್ ಹುಡ್ಗಿ, ಇಲ್ಲಿ ಬಾ. ಎಷ್ಟು ಹೊತ್ತು ಬೇಕು ಒಣಗ್ಸೋಕೆ?"

ಗೊತ್ತಿಲ್ಲ ಅಂದೆ. ಸುಳ್ಳು ಹೇಳಲು ಅದು ಜಾಗವಲ್ಲ. ಸಿಲಿಂಡರಿನ ಮೇಲೆ ಒಂದು ಗಡಿಯಾರದಂಥದ್ದಿರುತ್ತದೆ, ಎಷ್ಟು ಉಳಿದಿದೆ ಅಂತ ಅದರ ಮುಳ್ಳು ತೋರಿಸುತ್ತದೆ. ಮಗಳು ತಮ್ಮ ಕೈಚೀಲದಿಂದ ಬಿಳಿ ಪ್ಲಾಸ್ಟರ್ ತೆಗೆದು, ಸಣ್ಣ ಚೂರು ಹರಿದು, ಅರ್ಧಕ್ಕಿಂತ ತುಸು ಮೇಲೆ ಗೆರೆಯ ಹಾಗೆ ಅಂಟಿಸಿದರು.

"ಮುಳ್ಳು ಇಲ್ಲಿಗೆ ಬಂದ್ರೆ ಹೊರಡೋದು. ಹಬ್ಬದ ಸಂಜೆ, ಮಳೆ ಬೇರೆ, ಕೆ.ಆರ್. ಪುರದ ಬ್ರಿಡ್ಜ್ ಹತ್ರ ಎಷ್ಟು ಹೊತ್ತು ನಿಲ್ಬೇಕೋ. ಅದಕ್ಕೆ ಇಷ್ಟು ಉಳೀಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ."

ಮಿಸ್ ಗೆರೆಯನ್ನು ನೋಡಿ, "ಸರಿ" ಅಂದರು. ಒಂದೇ ಮಾತಿಗೆ ಒಪ್ಪಿದ್ದು ನೋಡಿ ಎಲ್ಲರಿಗೂ ಆಶ್ಚರ್ಯವಾಯಿತು.

ಶೆಡ್ಡಿಗೆ ಓಡಿದೆ. ಹಾರ ತೆಗೆಯಲು ಕೈ ಹಾಕಿದರೆ ಗೌಡರು ಅಡ್ಡ ಬಂದರು.

"ಇವತ್ತು ಮುಟ್ಟಂಗಿಲ್ಲ ಕಣಮ್ಮ. ಪೂಜೆ ಆದ್ಮೇಲೆ ಆಯುಧಕ್ಕೆ ವಿಶ್ರಾಂತಿ. ನಾಳೆ ವಿಜಯದಶಮಿ, ಬೆಳಿಗ್ಗೆ ನಾನೇ ತೆಗ್ದುಕೊಡ್ತೀನಿ. ನಮ್ಮಪ್ಪನ ಕಾಲ್ದಿಂದ ನಡ್ಕೊಂಡು ಬಂದಿರೋದು."

"ನಿಮ್ಮಪ್ಪ ಇವತ್ತಿನ ದಿನ ಹಸು ಕರು ಹಾಕೋಕೆ ಕಷ್ಟಪಟ್ರೆ ಕುಡಗೋಲು ಮುಟ್ಟಲ್ಲ ಅಂತಿದ್ರಾ?"

"ಹಸು ಬೇರೆ, ಮಿಷನ್ ಬೇರೆ."

"ಆ ಟೆಂಟ್ ಮುಂದೆ ಕೂತಿರೋರ ಮೂಗಲ್ಲಿ ಇರೋದು ಏನು ಅಂತ ನೋಡ್ಕೊಂಡು ಬನ್ನಿ. ಆಮೇಲೆ ಬೇರೆ ಅಂತ ಹೇಳಿ."

ಗೌಡರು ಹೋದರು. ದೂರದಿಂದ ನೋಡಿದೆ. ಮಿಸ್ ಏನೋ ಕೇಳಿದರು, ಇವರು ಏನೋ ಹೇಳಿದರು, ಮಿಸ್ ಸಿಲಿಂಡರಿನ ಗೆರೆ ತೋರಿಸಿದರು. ವಾಪಸ್ ಬಂದವರು ಚಪ್ಪಲಿ ಬಿಟ್ಟು, ತಾವೇ ಹಾರ ತೆಗೆದು ಟ್ರ್ಯಾಕ್ಟರಿನ ಮೇಲೆ ಹಾಕಿದರು. ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡರು.

"ಇಟ್ಟೋನು ನಾನು, ತೆಗ್ಯೋನೂ ನಾನೇ. ಏನಾದ್ರೂ ಆದ್ರೆ ನಂಗೇ ಆಗ್ಲಿ. ಏನ್ ಮಾಡ್ಬೇಕು ಹೇಳು. ಧೂಪದ ಕೆಂಡ ಇದೆ, ಪಕ್ಕದಲ್ಲಿಟ್ರೆ ಬೇಗ ಒಣಗ್ತದೆ."

"ಪೆಟ್ರೋಲ್ ಟ್ಯಾಂಕ್ ಇದೆ ಗೌಡ್ರೇ. ನಮ್ಮೆಲ್ಲರ ಪೂಜೆನೂ ಆಗೋಗತ್ತೆ."

ಪೆಟ್ರೋಲನ್ನು ಕ್ಯಾನಿಗೆ ಇಳಿಸಿದೆ. ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿನ ವೈರು ಕಿತ್ತೆ. ನಾನೂ ಗೌಡರೂ ಮಿಷನ್ನನ್ನು ಓರೆ ಮಾಡಿದಾಗ ಫ್ಯಾನಿನ ಕವಚದಿಂದ ಒಂದು ಲೋಟದಷ್ಟು ಸೋಪುನೀರು ಸುರಿಯಿತು. ಫಿಲ್ಟರಿನ ಸ್ಪಂಜು ಹಿಂಡಿದೆ. ಹಿಂಬದಿಯ ಮುಚ್ಚಳ ಬಿಚ್ಚಿದರೆ ತಾಮ್ರದ ಸುತ್ತುಗಳ ಮೇಲೆ ಮಂಜಿನ ಹನಿಯ ಹಾಗೆ ನೀರು ಕೂತಿತ್ತು. ಬಟ್ಟೆಗೆ ಅದು ಸಿಗುವುದಿಲ್ಲ. ಬಿಸಿಗಾಳಿ ಬೇಕು. ಶಿಷ್ಯೆಯರಲ್ಲಿ ಒಬ್ಬರು ಬ್ಯೂಟಿ ಪಾರ್ಲರ್ ನಡೆಸುವವರು, ಕೂದಲು ಒಣಗಿಸುವ ಡ್ರೈಯರನ್ನು ಚೀಲದಲ್ಲೇ ತಂದಿದ್ದರು.

"ಅಕ್ಕಾ, ಇದಾಗತ್ತಾ?"

"ಆಗತ್ತೆ. ಅದಕ್ಕೆ ಕರೆಂಟ್ ಬೇಕಲ್ಲಾ."

ಅವರು ಡ್ರೈಯರನ್ನು ನೋಡಿ, ಜನರೇಟರನ್ನು ನೋಡಿ, ತಾವೇ ನಕ್ಕುಬಿಟ್ಟರು. ನನ್ನ ವ್ಯಾನಿಗೆ ಕಿಟಕಿ ಗಾಜು ಏರುವುದೇ ದೊಡ್ಡ ಮಾತು, ಹೀಟರ್ ಎಲ್ಲಿಂದ. ಕ್ಯಾಬುಗಳು ಹೊರಟುಹೋಗಿದ್ದವು. ಹೀಟರ್ ಇದ್ದದ್ದು ಒಂದೇ ಗಾಡಿಯಲ್ಲಿ, ಮನೆಗೆ ಹೊರಡಲು ಮುಖ ತಿರುಗಿಸಿ ನಿಲ್ಲಿಸಿದ್ದ ಮಗಳ ಕಾರಿನಲ್ಲಿ.

ಕೇಳಿದೆ. "ನಿಮ್ಮ ಕಾರ್ ಬೇಕು. ಇದನ್ನ ಮುಂದೆ ಕಾಲಿಡೋ ಜಾಗದಲ್ಲಿಟ್ಟು ಹೀಟರ್ ಹಾಕ್ಬೇಕು. ಪೆಟ್ರೋಲ್ ವಾಸ್ನೆ ಹಿಡಿಯತ್ತೆ. ಸೀಟ್ ಕೊಳೆ ಆಗತ್ತೆ. ಇಷ್ಟ ಇಲ್ಲ ಅಂದ್ರೆ ಹೇಳಿ, ಈಗಲೇ ಗಂಟು ಮೂಟೆ ಕಟ್ತೀನಿ."

ಬೇಡ ಅನ್ನಲು ಅವರಿಗೆ ಎಲ್ಲ ಹಕ್ಕೂ ಇತ್ತು. ಅಂದಿದ್ದರೆ ತಪ್ಪು ಅಂತ ನಾನು ಇಲ್ಲಿ ಬರೆಯುತ್ತಿರಲಿಲ್ಲ.

"ಗೆರೆ ಮಾತ್ರ ಜರುಗಲ್ಲ" ಅಂದರು. ಬೀಗದ ಕೈ ಕೊಟ್ಟರು.

ಕಾರನ್ನು ಬಯಲಿನಲ್ಲಿ, ಟೆಂಟುಗಳಿಂದ ದೂರ ನಿಲ್ಲಿಸಿ, ಮಿಷನ್ನನ್ನು ಎತ್ತಿ ಕಾಲಿಡುವ ಜಾಗದಲ್ಲಿ ಕೂರಿಸಿದೆವು. ಹೀಟರ್ ಪೂರ್ತಿ. ಆವಿ ಹೊರಹೋಗಲು ಗಾಜುಗಳನ್ನು ನಾಲ್ಕು ಬೆರಳಷ್ಟು ಇಳಿಸಿದೆ. ಮಳೆ ಶುರುವಾಯಿತು. ಮೊದಲು ದಪ್ಪ ಹನಿ, ಆಮೇಲೆ ಕೆರೆಯ ಕಡೆಯಿಂದ ಓರೆಯಾಗಿ ಬಾರಿಸತೊಡಗಿತು. ಶಿಷ್ಯೆಯರು ಟೆಂಟಿಗೆ ಓಡಿದರು. ನಾನು ಕಾರಿನಲ್ಲಿ ಒಲೆಯ ಮುಂದೆ ಕೂತ ಹಾಗೆ ಬೆವರುತ್ತಾ ಕೂತೆ. ಸೋಪಿನ ವಾಸನೆ, ಪೆಟ್ರೋಲ್ ವಾಸನೆ, ವಿಭೂತಿ ವಾಸನೆ.

ತಾಮ್ರ ಒಣಗಿದಂತೆ ಕಂಡಾಗ ಮೀಟರ್ ಹಿಡಿದೆ. ಸುತ್ತಿಗೂ ಜನರೇಟರಿನ ಮೈಗೂ ನಡುವೆ ಕರೆಂಟು ಸೋರುತ್ತದೆಯೇ ಅಂತ ನೋಡುವ ಮೀಟರು. ಸೋರುತ್ತಿತ್ತು. ಇನ್ನಷ್ಟು ಕಾಯಿಸಿದೆ. ಮತ್ತೆ ಹಿಡಿದೆ. ಆಗಲೂ ಅದೇ. ಮಗಳು ಕೊಡೆ ಹಿಡಿದು ಬಂದು ಗಾಜಿನ ಸಂದಿಯಲ್ಲಿ ಹೇಳಿದರು, "ಮುಳ್ಳು ಗೆರೆಗೆ ಹತ್ರ ಬರ್ತಿದೆ."

ಸುತ್ತು ಒಣಗಿದೆ, ಆದರೂ ಸೋರುತ್ತಿದೆ ಅಂದರೆ ನೀರು ಇನ್ನೆಲ್ಲೋ ಇದೆ. ಪ್ಲಗ್ ಚುಚ್ಚುವ ತೂತುಗಳಿರುವ ಮುಂದಿನ ಡಬ್ಬಿಯ ಸ್ಕ್ರೂ ಬಿಚ್ಚಿದೆ. ಒಳಗೆ ಪುಟ್ಟ ಕೊಳ. ಗೌಡರು ಪೈಪನ್ನು ಅಲ್ಲಿಗೂ ಇಟ್ಟು ಶ್ರದ್ಧೆಯಿಂದ ಬಿಟ್ಟಿದ್ದರು. ಒರೆಸಿ, ಹೀಟರಿನ ಬಾಯಿಗೆ ಹಿಡಿದು, ಊದಿ, ಮತ್ತೆ ಮೀಟರ್ ಇಟ್ಟಾಗ ಅದು ನಿಂತಿತು. ಸೋರಿಕೆ ಇಲ್ಲ.

ಗೌಡರೂ ನಾನೂ ಮಿಷನ್ನನ್ನು ಟಾರ್ಪಾಲಿನಲ್ಲಿ ಸುತ್ತಿ ತಗಡಿನ ಕೆಳಗೆ ಒಯ್ದು, ಬಿಚ್ಚಿ, ಕಿತ್ತದ್ದನ್ನೆಲ್ಲ ಮತ್ತೆ ಜೋಡಿಸಿ, ಪೆಟ್ರೋಲ್ ಹಾಕಿದೆವು. ಹಗ್ಗ ಎಳೆದೆ. ಕೆಮ್ಮಿತು. ಎಳೆದೆ. ಬಿಳಿ ಹೊಗೆ ಬಿಟ್ಟು ಹಿಡಿದುಕೊಂಡಿತು. ಮೊದಲು ಏನನ್ನೂ ಜೋಡಿಸದೆ ಓಡಿಸಿದೆ. ಆಮೇಲೆ ಒಂದು ಬಲ್ಬು. ವೋಲ್ಟೇಜು ಅಲುಗದೆ ನಿಂತಿತು. ಇನ್ನು ಮಿಸ್ ಮಿಷನ್ನಿಗೆ ವೈರು ಸೇರಿಸಬೇಕು. ಟೆಂಟಿನ ಕಡೆ ಹೋದೆ.

ಅಷ್ಟರಲ್ಲಿ ಇನ್ನೊಂದು ಪ್ರೀತಿಯ ಕೆಲಸ ನಡೆದುಹೋಯಿತು. ಓರೆ ಮಳೆ ತಗಡಿನ ಕೆಳಗೆ ನುಗ್ಗಿ ಮಿಷನ್ನಿಗೆ ಎರಚುತ್ತಿದ್ದದ್ದು ಶಿಷ್ಯೆಯರಿಗೆ ಕಂಡಿತು. ಶೆಡ್ಡಿನಲ್ಲಿ ಗೌಡರ ಹುಟ್ಟುಹಬ್ಬಕ್ಕೆ ಊರ ಹುಡುಗರು ಹಾಕಿಸಿದ್ದ ಫ್ಲೆಕ್ಸ್‌ಗಳಿದ್ದವು. ಅವನ್ನು ತಂದು ನಾಲ್ಕೂ ಕಡೆ ಬಿಗಿಯಾಗಿ ಕಟ್ಟಿದರು. ಮಿಸ್ ಕಲಿಸಿದ ಗಂಟು, ಬಿಚ್ಚಲು ಬಾರದು. ನಾನು ಟೆಂಟಿನಲ್ಲಿ ಪ್ಲಗ್ಗು ಕೈಯಲ್ಲಿ ಹಿಡಿದಿದ್ದಾಗ ಇಂಜಿನ್ ಸದ್ದು ಉಸಿರುಗಟ್ಟಿದ ಹಾಗೆ ಕುಗ್ಗಿತು. ತಿರುಗಿ ನೋಡಿದರೆ ನಾಲ್ಕು ದಿಕ್ಕಿಗೂ ಫ್ಲೆಕ್ಸಿನೊಳಗಿಂದ ಕೈಮುಗಿದ ಗೌಡರು, ಅವರ ಕಾಲ ಬುಡದಿಂದ ಹೊಗೆ ತೆವಳಿಕೊಂಡು ಮಿಸ್ ಟೆಂಟಿನ ಕಡೆಗೇ ಬರುತ್ತಿತ್ತು.

ಓಡಿಹೋಗಿ ಚಾಕು ತೆಗೆದು ಹರಿದೆ. ಒಂದು, ಎರಡು, ಮೂರು.

"ಏನ್ ಮಾಡ್ತಿದೀರಿ?" ಮಗಳು ಕೂಗಿದರು. "ಅಷ್ಟು ಕಷ್ಟಪಟ್ಟು ಒಣಗ್ಸಿದೀರಿ, ಈಗ ನೀವೇ ನೆನೆಸ್ತಿದೀರಲ್ಲಾ. ಬಿಚ್ಚೋದಾದ್ರೆ ಟೆಂಟ್ ಮುಂದಿನ ಚಾವಣಿ ಕೆಳಗೆ ತಂದಿಡಿ. ಅಲ್ಲಿ ಹನಿನೂ ಬೀಳಲ್ಲ. ಮುಳ್ಳು ನೋಡಿ ಒಂದ್ಸಲ."

ಮುಳ್ಳಿಗೂ ಗೆರೆಗೂ ನಡುವೆ ಎರಡು ಬೆಂಕಿಕಡ್ಡಿಯ ದಪ್ಪದಷ್ಟು ಜಾಗವಿತ್ತು. ಶಿಷ್ಯೆಯರೂ ಅದನ್ನೇ ಹೇಳಿದರು. ಗೌಡರೂ ಅದನ್ನೇ ಹೇಳಿದರು. ಒಬ್ಬಳ ಮಾತಿಗೆ ವಿರುದ್ಧ ಹತ್ತು ಮಾತು.

"ತರಲ್ಲ" ಅಂದೆ. "ಮೇಡಂ, ಇದರ ಹೊಗೆಯಲ್ಲಿ ಒಂದು ವಿಷ ಇದೆ. ಬಣ್ಣ ಇಲ್ಲ, ವಾಸ್ನೆ ಇಲ್ಲ. ಮುಚ್ಚಿದ ಜಾಗದಲ್ಲಿ ನಮ್ಮಂಥ ಗಟ್ಟಿಮುಟ್ಟಾದೋರೇ ಮಲಗಿದ್ದಲ್ಲೇ ಹೋಗ್ತಾರೆ. ನಿಮ್ಮಮ್ಮನ ಶ್ವಾಸಕೋಶಕ್ಕೆ ಎಷ್ಟು ಹೊತ್ತು ಬೇಕು? ಇವರ ಮಿಷನ್ ಗಾಳಿ ಎಳ್ಕೊಳ್ಳೋದೂ ಈ ಟೆಂಟ್ ಒಳಗಿಂದಾನೇ. ಜನರೇಟರ್ ನೆನೆದ್ರೆ ಕೆಟ್ಟೋಗತ್ತೆ, ನೀವು ಮನೆಗೆ ಹೋಗ್ತೀರಿ, ನಾನು ರಿಪೇರಿಗೆ ಕೊಡ್ತೀನಿ. ಅಷ್ಟೇ. ಅದನ್ನ ಹತ್ರ ಇಟ್ರೆ ಯಾವ ರಿಪೇರಿನೂ ಇಲ್ಲ. ಬೇಕಾದ್ರೆ ಈಗಲೇ ಆಫ್ ಮಾಡಿ ಕಾರ್ ಹತ್ತಿಸ್ತೀನಿ. ಒಳಗೆ ಮಾತ್ರ ತರಲ್ಲ."

ಕುರ್ಚಿಯಿಂದ ಮಿಸ್ ದನಿ ಬಂತು. "ಕೇಳ್ತಾ? ಚುಪ್. ಅವ್ಳು ಹೇಳಿದ್ ಮಾಡಿ."

ಉಳಿದ ಒಂದು ಫ್ಲೆಕ್ಸನ್ನು ಕಂಬದಿಂದ ಬಿಚ್ಚಿ, ಮಳೆ ಬರುತ್ತಿದ್ದ ಕೆರೆಯ ಕಡೆ, ಮಿಷನ್ನಿನಿಂದ ಎರಡು ಮಾರು ಆಚೆಗೆ, ಎರಡು ಸಪೋಟ ಮರಗಳ ನಡುವೆ ಎಳೆದು ಕಟ್ಟಿಸಿದೆ. ಓರೆ ಮಳೆ ಅದಕ್ಕೆ ಬಡಿಯುತ್ತದೆ, ಹೊಗೆಗೆ ಎಲ್ಲ ಕಡೆಯೂ ದಾರಿ ಇರುತ್ತದೆ. ಗಾಳಿ ತಿರುಗಿದ್ದರಿಂದ ಹೊಗೆ ಕೊಳವೆಯ ಬಾಯನ್ನು ಅಪಾರ್ಟ್‌ಮೆಂಟಿನ ಗೋಡೆಯ ಕಡೆಯ ಬಯಲಿಗೆ ತಿರುಗಿಸಿದೆ, ಮಿಸ್ ಟೆಂಟನ್ನು ಶಿಷ್ಯೆಯರಿಂದ ಗೂಟ ಸಮೇತ ಎತ್ತಿಸಿ ಇನ್ನೂ ಹಿಂದಕ್ಕೆ ಸರಿಸಿದೆ. ಮಿಸ್ ಕೂತಲ್ಲಿಂದಲೇ ಲೆಕ್ಕ ಹೇಳಿದರು, ಐವತ್ತರ ಹುಡುಗಿಯರು ಹೆಜ್ಜೆ ತಪ್ಪದೆ ಎತ್ತಿಟ್ಟರು.

ಗೌಡರು ಕೆಸರಿನಲ್ಲಿ ಬಿದ್ದ ಚೂರುಗಳನ್ನು ನೋಡುತ್ತಿದ್ದರು. "ನನ್ನ ಮುಖಾನೇ ಕುಯ್ದಾಕ್ಬಿಟ್ಟಲ್ಲಮ್ಮ."

"ಒಂದು ಉಳಿಸಿದೀನಿ ಗೌಡ್ರೇ. ಚೆನ್ನಾಗಿ ಬಂದಿರೋದನ್ನ."

ಪ್ಲಗ್ ಚುಚ್ಚಿದೆ. ಮಿಸ್ ಮಿಷನ್ ಒಮ್ಮೆ ಕೀ ಅಂದು, ದೀಪ ಹಸಿರಾಗಿ, ಬುಸ್ ಬುಸ್ ಅಂತ ಶುರುವಾಯಿತು. ಮಗಳು ಸಿಲಿಂಡರ್ ತಿರುಪು ಮುಚ್ಚಿ, ಪೈಪನ್ನು ಮಿಷನ್ನಿಗೆ ಬದಲಾಯಿಸಿದರು. ಮುಳ್ಳು ಗೆರೆಗಿಂತ ಒಂದು ಬೆಂಕಿಕಡ್ಡಿಯಷ್ಟು ಮೇಲೆಯೇ ನಿಂತಿತು.

ನಾನು ತಗಡಿನ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತೆ. ಮುಸ್ಸಂಜೆಯಾಗುತ್ತಿತ್ತು. ಮಳೆ ಓರೆ ಬಿಟ್ಟು ನೇರಕ್ಕೆ ಬಂದು, ಹದವಾಗಿ ಹಿಡಿದುಕೊಂಡಿತ್ತು. ಪೆಟ್ರೋಲ್ ಸಾಕಷ್ಟಿತ್ತು, ವೋಲ್ಟೇಜು ಅಲುಗುತ್ತಿರಲಿಲ್ಲ. ಈಗ ಯಾರಾದರೂ ಬಂದು ಏನಾದರೂ ತಪ್ಪು ಹೇಳಲಿ ಅಂತ ಕಾಯುತ್ತಿದ್ದೆ. ಅಷ್ಟರಲ್ಲೇ ಮಗಳು ಕೊಡೆಯಿಲ್ಲದೆ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದುಬಂದರು.

"ಅಮ್ಮಿ ಜಗಳ ಶುರು ಮಾಡಿದಾರೆ."

"ಏನಂತೆ?"

"ಟೆಂಟ್ ಮೇಲೆ ಮಳೆ ಬೀಳೋ ಸದ್ದು ಕೇಳಿಸ್ತಿಲ್ವಂತೆ. ನಿಮ್ಮ ಜನರೇಟರ್ ಗಲಾಟೆಯಲ್ಲಿ. ಅದನ್ನ ಕೇಳೋಕೇ ಬಂದಿದ್ದು, ಇಲ್ಲಾಂದ್ರೆ ಮನೇಲೇ ಮಲಗ್ತಿದ್ದೆ ಅಂತಾರೆ."

ನನಗೆ ಸಿಟ್ಟೂ ಬಂತು, ನಗುವೂ ಬಂತು. ಇಷ್ಟೆಲ್ಲ ಒದ್ದಾಡಿದ್ದು ಆ ಗಲಾಟೆಯನ್ನು ಎಬ್ಬಿಸಲಿಕ್ಕೆ. "ನೀವೇನಂದ್ರಿ?"

ಅವರು ಜನರೇಟರನ್ನು ನೋಡುತ್ತಾ ನಿಂತರು. ಕೂದಲಿಂದ ನೀರು ಇಳಿಯುತ್ತಿತ್ತು.

"ಗೆರೆ ಕೆಳಗಿರೋದು ವಾಪಸ್ ಹೋಗೋ ದಾರಿಗೆ. ಅದನ್ನ ಮುಟ್ಟಲ್ಲ. ಗೆರೆ ಮೇಲೆ ಸ್ವಲ್ಪ ಉಳಿದಿದೆಯಲ್ಲ, ಅದು ಅಮ್ಮೀದು." ಆಮೇಲೆ ಹೇಳಿದರು, "ಹತ್ತು ನಿಮಿಷ ಆಫ್ ಮಾಡಿ. ನಾನೇ ಸಿಲಿಂಡರ್ ಹಿಡ್ಕೊಂಡು ಕೂತಿರ್ತೀನಿ."

ಅವರು ಒಳಗೆ ಹೋಗಿ ಪೈಪ್ ಬದಲಾಯಿಸಿ ಟಾರ್ಚ್ ಆಡಿಸಿದ ಮೇಲೆ, ನಾನು ಸ್ವಿಚ್ ಒತ್ತಿದೆ.

ಇಂಜಿನ್ ನಿಂತಾಗ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ತಗಡಿನ ಮೇಲೆ, ಎಲೆಗಳ ಮೇಲೆ, ಟೆಂಟುಗಳ ಬಟ್ಟೆಯ ಮೇಲೆ ಬೇರೆ ಬೇರೆಯಾಗಿ ಕೇಳಿಸತೊಡಗಿತು. ಪಕ್ಕದ ಟೆಂಟಿನಲ್ಲಿ ಯಾರೋ ಪಿಸುಗುಟ್ಟಿದರು. "ಯಾರದು ಮಾತಾಡೋದು" ಅಂತ ಮಿಸ್ ಗದರಿದರು.

ಹತ್ತು ನಿಮಿಷವಾಯಿತು. ಹಗ್ಗ ಕೈಯಲ್ಲಿ ಹಿಡಿದು ಟಾರ್ಚಿಗೆ ಕಾದೆ. ಬರಲಿಲ್ಲ. ಹೆದರಿ ಟೆಂಟಿನ ಹತ್ತಿರ ಹೋಗಿ ಬಾಗಿ ನೋಡಿದೆ. ಮಿಸ್ ಅಂಗಾತ ಮಲಗಿ, ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತಿದ್ದರು. ಮಗಳು ಪಕ್ಕದಲ್ಲೇ ಮಲಗಿದ್ದರು. ಸಿಲಿಂಡರು ಎದೆಯ ಮೇಲೆ, ಕಣ್ಣು ಮುಳ್ಳಿನ ಮೇಲೆ. ನನ್ನ ಕಾಲ ಸದ್ದು ಕೇಳಿ, ತಲೆ ಎತ್ತದೆ, ಒಂದು ಕೈ ಮೇಲೆ ಮಾಡಿ ತಡೆದರು.

"ಇನ್ನೂ ಇದೆ" ಅಂದರು. "ಇರಿ."